ಲೂನಾ, ಬುಲೆಟ್ ಮತ್ತು 371(ಜೆ): ಹಾಯಿದೋಣಿ ರೇಸು ಹೇಳುವ ನ್ಯಾಯದ ಲೆಕ್ಕ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಇಬ್ಬರು ಒಟ್ಟಿಗೆ ಹೊರಟರು ಅಂದುಕೊಳ್ಳಿ. ಒಬ್ಬನದು ಬುಲೆಟ್, ಇನ್ನೊಬ್ಬನದು ಹಳೇ ಲೂನಾ. ಬುಲೆಟ್‌ನವನು ಮೊದಲು ಮುಟ್ಟಿದ. ಅವನೇ ಒಳ್ಳೆ ಸವಾರ ಅಂತ ತೀರ್ಪು ಕೊಡ್ತೀರಾ? ಇಲ್ಲ. ಗೆದ್ದಿದ್ದು ಸವಾರನೋ ಗಾಡಿಯೋ ಅಂತ ಕೇಳ್ತೀರಿ. "371(ಜೆ)ಯಿಂದ ಮೆರಿಟ್ ಹಾಳಾಯ್ತು" ಅನ್ನುವವರ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ.

ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕಂಡುಕೊಂಡ ಆಟವೊಂದಿದೆ: ಕ್ಯಾಟಮರಾನ್ ರೇಸು. ಎರಡು ಉದ್ದನೆ ಒಡಲುಗಳನ್ನು ಪಕ್ಕಪಕ್ಕ ಜೋಡಿಸಿದ ಹಾಯಿದೋಣಿ ಅದು. ಹೆಸರು ಬಂದಿದ್ದು ತಮಿಳಿನ ‘ಕಟ್ಟುಮರಂ’ನಿಂದ. ಬೀದರ್ ಜಿಲ್ಲೆಗೂ ಸಮುದ್ರಕ್ಕೂ ಬಹಳ ದೂರ, ಆದರೆ ಆ ಲೆಕ್ಕ ನಮಗೆ ಹತ್ತಿರದ್ದೇ.

ದಾರಿ ಒಂದು: ವರ್ಗ

ಒಂದೇ ಥರದ ದೋಣಿಗಳನ್ನು ಮಾತ್ರ ಒಟ್ಟಿಗೆ ಬಿಡುವುದು ಮೊದಲ ದಾರಿ. 2016ರ ರಿಯೊದಿಂದ ಒಲಿಂಪಿಕ್ಸ್‌ನಲ್ಲಿರುವ ನಾಕ್ರಾ 17 ಹೀಗೆ: ಎಲ್ಲರದೂ ಒಂದೇ ದೋಣಿ. ಫಾರ್ಮುಲಾ 18 ವರ್ಗದಲ್ಲಿ ತಯಾರಕರು ಬೇರೆಯಾದರೂ ಮಿತಿ ಒಂದೇ. ಉದ್ದ 5.52 ಮೀಟರ್ ದಾಟುವಂತಿಲ್ಲ, ತೂಕ 180 ಕಿಲೋಗಿಂತ ಇಳಿಯುವಂತಿಲ್ಲ. ನಮ್ಮ ಕರಾವಳಿಯ ಕಂಬಳದಲ್ಲೂ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳಿವೆಯಲ್ಲ, ಹಾಗೆ.

ಆದರೆ ವರ್ಗದ ನಿಯಮ ಬರೆಯುವವರು ಯಾರು ಅನ್ನೋದು ಮುಖ್ಯ. 1876ರಲ್ಲಿ ನ್ಯೂಯಾರ್ಕ್‌ನ ರೇಸಿನಲ್ಲಿ ನಥಾನಿಯಲ್ ಹೆರೆಶಾಫ್ ತನ್ನ ‘ಅಮರಿಲ್ಲಿಸ್’ ಕ್ಯಾಟಮರಾನಿನಿಂದ ಎಲ್ಲರನ್ನೂ ಹಿಂದೆ ಹಾಕಿದ. ಸೋತವರು ದೂರು ಕೊಟ್ಟರು, ಅವನನ್ನು ಅನರ್ಹಗೊಳಿಸಲಾಯಿತು. ಆಮೇಲೆ ಇಂಥ ದೋಣಿಗಳನ್ನು ಮಾಮೂಲಿ ರೇಸುಗಳಿಂದಲೇ ಹೊರಗಿಟ್ಟರು. ವರ್ಗ ಸಮಾನತೆ ತರಬಲ್ಲದು, ಬಾಗಿಲನ್ನೂ ಮುಚ್ಚಬಲ್ಲದು.

ದಾರಿ ಎರಡು: ರೇಟಿಂಗ್

ಬೇರೆ ಬೇರೆ ದೋಣಿಗಳು ಒಟ್ಟಿಗೆ ಓಡಲಿ, ಕೊನೆಗೆ ಸಮಯವನ್ನು ಸರಿಪಡಿಸೋಣ ಅನ್ನೋದು ಹ್ಯಾಂಡಿಕ್ಯಾಪ್. ಸ್ಮಾಲ್ ಕ್ಯಾಟಮರಾನ್ ಹ್ಯಾಂಡಿಕ್ಯಾಪ್ ರೇಟಿಂಗ್ ಸಿಸ್ಟಮ್ ದೋಣಿಯ ಉದ್ದ, ತೂಕ, ಹಾಯಿಯ ವಿಸ್ತೀರ್ಣ ಅಳೆದು ಒಂದು ಸಂಖ್ಯೆ ಕೊಡುತ್ತದೆ. ಓಡಿದ ಸಮಯವನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ, 1.00 ರೇಟಿಂಗಿನ ವೇಗದ ದೋಣಿ 60 ನಿಮಿಷದಲ್ಲಿ ಮುಟ್ಟಿದರೆ ಲೆಕ್ಕ 60. ನಿಧಾನದ 1.20ರ ದೋಣಿ 66 ನಿಮಿಷ ತಗೊಂಡರೆ ಲೆಕ್ಕ 55. ಆರು ನಿಮಿಷ ತಡವಾಗಿ ಬಂದವನೇ ಗೆದ್ದ.

ಇದು ದಯೆಯಲ್ಲ. ಅಳೆಯುವುದು ದೋಣಿಯನ್ನು, ನಾವಿಕನನ್ನಲ್ಲ. ಅವನು ಸೋಮಾರಿಯಾದರೆ ಯಾವ ರೇಟಿಂಗೂ ಕಾಪಾಡಲ್ಲ. ಇನ್ನು ಬ್ರಿಟನ್ನಿನ ಪೋರ್ಟ್ಸ್‌ಮತ್ ಪದ್ಧತಿಯಲ್ಲಿ ಕ್ಲಬ್ಬುಗಳ ಫಲಿತಾಂಶ ನೋಡಿ ಸಂಖ್ಯೆಗಳನ್ನು ಪ್ರತಿ ವರ್ಷ ಪರಿಷ್ಕರಿಸುತ್ತಾರೆ.

ನಮ್ಮ ದೋಣಿಯ ಅಳತೆ

ಕರ್ನಾಟಕದಲ್ಲಿ ಇಂಥ ಅಳತೆ ಮಾಡಿದ್ದು ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ 35 ಸೂಚಕಗಳನ್ನಿಟ್ಟು 175 ತಾಲೂಕುಗಳನ್ನು ತೂಗಿತು. ಅತ್ಯಂತ ಹಿಂದುಳಿದವು 39, ಅದರಲ್ಲಿ 21 ಕಲಬುರಗಿ ವಿಭಾಗದವೇ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ 371(ಜೆ) ತಂದಿತು. 2013ರ ಆದೇಶದಂತೆ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ. ಇಲ್ಲೂ ತೂಗಿದ್ದು ಶಾಲೆ, ರಸ್ತೆ, ಆಸ್ಪತ್ರೆಗಳನ್ನು, ಹುಡುಗ ಹುಡುಗಿಯರ ಬುದ್ಧಿಯನ್ನಲ್ಲ.

ಹಾಗಂತ ನಮ್ಮ ವ್ಯವಸ್ಥೆ ಪ್ರಶ್ನಾತೀತವೂ ಅಲ್ಲ. ನಂಜುಂಡಪ್ಪ ಅಳೆದದ್ದು ತಾಲೂಕನ್ನು, 371(ಜೆ) ಸವಲತ್ತು ಕೊಡೋದು ಇಡೀ ಪ್ರದೇಶಕ್ಕೆ. ಅಂದರೆ ಅದು ರೇಟಿಂಗ್ ಅಲ್ಲ, ವರ್ಗ. ಕಲಬುರಗಿ ನಗರದ ವೈದ್ಯರ ಮಗ, ಬಸವಕಲ್ಯಾಣದ ತಾಂಡಾದ ಮಗಳು, ಇಬ್ಬರೂ ಒಂದೇ ಪ್ರಾದೇಶಿಕ ಪಟ್ಟಿಯಲ್ಲಿ. ಜಾತಿ, ಗ್ರಾಮೀಣ ಮೀಸಲಾತಿ ಒಂದಿಷ್ಟು ಅಂತರ ತುಂಬುತ್ತವೆ, ಪೂರ್ತಿಯಲ್ಲ. ಮೇಲಾಗಿ 2002ರ ಅಳತೆ ಹಳೆಯದಾಯಿತು. ಮರು ಅಧ್ಯಯನಕ್ಕೆ ಸರ್ಕಾರ ಎಂ. ಗೋವಿಂದ ರಾವ್ ಸಮಿತಿ ರಚಿಸಿದ್ದು 2024ರಲ್ಲಿ.

ಇನ್ನೂ ದೊಡ್ಡ ಮಾತೊಂದಿದೆ. ರೇಟಿಂಗ್ ಫಲಿತಾಂಶವನ್ನು ಸರಿಪಡಿಸುತ್ತದೆಯೇ ಹೊರತು ತೂತಾದ ದೋಣಿಯನ್ನಲ್ಲ. ದೋಣಿ ದುರಸ್ತಿ ಅಂದರೆ ಶಿಕ್ಷಕರಿರುವ ಶಾಲೆ, ಡಾಕ್ಟರಿರುವ ತಾಲೂಕು ಆಸ್ಪತ್ರೆ. ಖಾಲಿ ಹುದ್ದೆ ತುಂಬದೆ ಮೀಸಲಾತಿಯ ಶೇಕಡಾವಾರು ಘೋಷಿಸುವುದು, ರೇಸನ್ನೇ ನಡೆಸದೆ ರೇಟಿಂಗ್ ಪಟ್ಟಿ ಹಂಚಿದ ಹಾಗೆ. ಆದ್ದರಿಂದ ಮುಂದಿನ ಸಲ ಯಾರಾದರೂ ಮೆರಿಟ್ ಮಾತೆತ್ತಿದರೆ ಅವರ ದೋಣಿಯ ಅಳತೆ ಕೇಳಿ. ನಮ್ಮ ಶಾಸಕರು 371(ಜೆ) ಹೆಸರಲ್ಲಿ ಮತ ಕೇಳಲು ಬಂದರೆ, ಈ ವರ್ಷ ಎಷ್ಟು ಹುದ್ದೆ ತುಂಬಿದಿರಿ ಅಂತ ಕೇಳಿ.