ಮಣ್ಣಿಲ್ಲದೆ ಬಾಲ್ಕನಿಯಲ್ಲೇ ಸೊಪ್ಪು

ಬಾಲ್ಕನಿಯಲ್ಲಿ ಎರಡಡಿ ಜಾಗ ಇದ್ಯಾ? ಪಾಲಕ್, ಲೆಟ್ಯೂಸ್ ಬೆಳೀಬಹುದು, ಮಣ್ಣೇ ಬೇಡ!

ಇದು ಹೈಡ್ರೋಪೋನಿಕ್ ಟವರ್. ಬುಡದ ಟ್ಯಾಂಕಿನಲ್ಲಿ ಪೋಷಕಾಂಶ ಬೆರೆಸಿದ ನೀರು. ಸಣ್ಣ ಪಂಪ್ ಅದನ್ನ ಮೇಲಕ್ಕೆ ಏರಿಸುತ್ತೆ. ನೀರು ಇಳೀತಾ ಬೇರು ನೆನೆಸಿ, ಮತ್ತೆ ಟ್ಯಾಂಕಿಗೇ ಸೇರುತ್ತೆ. ಹೀಗೆ ಅದೇ ನೀರು ಮತ್ತೆ ಮತ್ತೆ ಬಳಕೆಯಾಗೋದ್ರಿಂದ ನೀರು ಉಳಿಯುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯೋ ಬೆಂಗಳೂರಿಗೆ ಈ ಉಳಿತಾಯ ದೊಡ್ಡದು.

ಒಂದು ವಿಷಯ ಮಾತ್ರ ದಯವಿಟ್ಟು ಮರೀಬೇಡಿ: ನೀರಿನ ಪಿಎಚ್. 5.5ರಿಂದ 6.5ರೊಳಗೆ ಇರಲಿ. ಬೋರ್‌ವೆಲ್‌ನ ಗಡಸು ನೀರಲ್ಲಿ ಅದು ಮೇಲೇರುತ್ತೆ. ಆಗ ಕಬ್ಬಿಣದಂಶ ಹಾಕಿದ್ದರೂ ಬೇರಿಗೆ ದಕ್ಕಲ್ಲ, ಎಳೆ ಎಲೆ ಹಳದಿಯಾಗುತ್ತೆ. ಇನ್ನಷ್ಟು ಪೋಷಕಾಂಶ ಸುರಿಯೋ ಮುಂಚೆ ಪಿಎಚ್ ಅಳೀರಿ.

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು, ಗಿಡಕ್ಕೆ. ಟ್ಯಾಂಕಿಗೆ ಬೇಡ, ಪಾಚಿ ಕಟ್ಟುತ್ತೆ. ಕ್ಯಾರೆಟ್, ಮೂಲಂಗಿ ಇದರಲ್ಲಿ ಸರಿಬರಲ್ಲ. ಸೊಪ್ಪಿನಿಂದ ಶುರು ಮಾಡಿ. ಹೊರಗಿನ ಎಲೆಗಳನ್ನಷ್ಟೇ ಕಿತ್ತರೆ ಸುಳಿ ಚಿಗುರ್ತಾನೇ ಇರುತ್ತೆ.