ಅಜ್ಜನ ಲೆಕ್ಕದ ಪುಸ್ತಕ

ನಮ್ಮ ಅಜ್ಜ 1916ರಲ್ಲಿ ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, 2011ರಲ್ಲಿ ಆ ನದಿಗೆ ದೂರವಾದ ಇನ್ನೊಂದು ಹಳ್ಳಿಯಲ್ಲಿ ತೀರಿಕೊಂಡರು. ತುಂಬು ಬಾಳು, 95 ವರ್ಷಗಳದು. ಹದಿಮೂರನೆಯ ದಿನದ ಊಟಕ್ಕೆ ಕಲೆತ ನೆಂಟರಿಷ್ಟರು, "ಎಂಥ ಸಹನೆ ಅವರದು! ಹುಟ್ಟಿದ ಮನೆಯೇ ನೀರು ಪಾಲಾದರೂ ಒಂದು ದಿನ ಗೊಣಗಿದವರಲ್ಲ" ಎಂದು ಕೊಂಡಾಡಿದರು. ಗೊಣಗಿದವರಲ್ಲವೆಂಬುದು ದಿಟ. ಆದರೆ ಅದಕ್ಕೆ ಸಹನೆಯೆಂಬ ಹೆಸರು ಸಲ್ಲುವುದೆಂದು ನನಗೆ ತೋರುವುದಿಲ್ಲ.

ಸಾಗರ ಸೀಮೆಯ ಹಳಬರಿಗೆ 'ಮುಳುಗಡೆ' ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಜೋಗದ ವಿದ್ಯುತ್ತಿಗಾಗಿ ಹಿರೇಭಾಸ್ಕರದಲ್ಲಿ ಮೊದಲೇ ಒಂದು ಅಣೆಕಟ್ಟು ಇತ್ತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ನೀರು 1,819 ಅಡಿಗಳ ಮಟ್ಟಕ್ಕೆ ನಿಲ್ಲುವಂತಾದಾಗ ಆ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಅಣೆಕಟ್ಟನ್ನೇ ನುಂಗಿದ ನೀರಿಗೆ ನಮ್ಮ ಅಡಿಕೆ ತೋಟ ಯಾವ ಲೆಕ್ಕ? ಕರೂರು ಸೀಮೆಯವರು ದ್ವೀಪವಾಸಿಗಳಾಗಿ ಲಾಂಚಿಗೆ ಕಾಯುತ್ತ ಉಳಿದರು; ಅವರಿಗೆ ಸೇತುವೆ ಒದಗಿದ್ದು 2025ರಲ್ಲಿ. ನಮ್ಮವರು ಗಂಟುಮೂಟೆ ಕಟ್ಟಿದರು. ಶರಾವತಿಯ ಬೆಳಕು ನಾಡಿನ ನಗರಗಳಿಗೆ ಹರಿಯಿತು. ನಮ್ಮ ಹೊಸ ಮನೆಯಲ್ಲಿ ಬಹುಕಾಲ ಉರಿದದ್ದು ಸೀಮೆಎಣ್ಣೆಯ ಬುಡ್ಡಿ.

ಅಜ್ಜನಿಗಾಗ 48 ವರ್ಷ. ಪರಿಹಾರಕ್ಕೆಂದು ಮರ ಎಣಿಸುವವರು ಬಂದು ಎಣಿಸಿ ಹೋದ ಮೇಲೆ ಅಜ್ಜ ತಾವೇ ಇನ್ನೊಮ್ಮೆ ಎಣಿಸಿದರಂತೆ. ಆ ಪುಸ್ತಕ ಈಗ ನನ್ನಲ್ಲಿದೆ. ಅದರಲ್ಲಿ ಮರಗಳ ಸಂಖ್ಯೆಗಿಂತ ಅವುಗಳ ಚರಿತ್ರೆಯೇ ಹೆಚ್ಚು. 'ಬಾವಿಯ ಮೂಡಣ ಹಲಸು: ಅಮ್ಮ ನೆಟ್ಟದ್ದು.' 'ಸೊಪ್ಪಿನ ಬೆಟ್ಟದ ಮತ್ತಿ: ಸಿಡಿಲು ಬಡಿದೂ ಬದುಕಿದೆ.' 'ಹೊಳೆಯಂಚಿನ ಅಪ್ಪೆ: ವರ್ಷ ಬಿಟ್ಟು ವರ್ಷ.' ಮರವಲ್ಲದ್ದೂ ಇದೆ: ಪ್ರತಿ ಮಳೆಗಾಲಕ್ಕೆ ಮುನ್ನ ಹೊಸದಾಗಿ ಹಾಕುತ್ತಿದ್ದ ಅಡಿಕೆ ದಬ್ಬೆಯ ಸಂಕ. ಅದಕ್ಕೆ ಪರಿಹಾರ ಕೊಡುವವರು ಯಾರು!

ಅಪ್ಪೆಯ ವಿಷಯ ಒಂದಿಷ್ಟು ಹೇಳಬೇಕು. ಮಿಡಿಯನ್ನು ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳದಂತೆ ಕೊಯ್ದು, ಚೀಲದಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ತಗುಲಿದ ಒಂದು ಮಿಡಿ ಸಾಕು, ಜಾಡಿಯೇ ಕೆಟ್ಟೀತು. ಆ ಮರದ ಗೊರಟುಗಳನ್ನು ಅಜ್ಜ ಹೊಸ ಊರಿಗೆ ಒಯ್ದು ನೆಟ್ಟರು. ಗಿಡಗಳು ಎದ್ದವು, ಕಾಯಿಯೂ ಬಿಟ್ಟವು, ಪರಿಮಳ ಮಾತ್ರ ಬರಲಿಲ್ಲ. ಗೊರಟಿನಿಂದ ಹುಟ್ಟಿದ ಮಾವು ತಾಯಿಮರದ ಗುಣವನ್ನೇ ಪಡೆಯುವುದೆಂಬ ಭರವಸೆಯಿಲ್ಲ, ಕಸಿ ಕಟ್ಟಬೇಕಿತ್ತು. ಅದು ತಿಳಿಯುವ ಹೊತ್ತಿಗೆ ತಾಯಿಮರ ನೀರಿನಡಿ ಸೇರಿತ್ತು. ಅಜ್ಜಿ ಆ ಮಿಡಿಗಳಿಗೂ ಉಪ್ಪು ಹಾಕಿದರು. ಅಜ್ಜ ಮಾತಿಲ್ಲದೆ ಉಂಡರು.

ವೈಶಾಖದಲ್ಲಿ ನೀರು ಇಳಿದಾಗ ಅಜ್ಜ ಕೊಡೆ ಹಿಡಿದು ಹಿನ್ನೀರಿನ ದಂಡೆಗೆ ಹೋಗುವರು. ನನಗೆ ಹತ್ತು ವರ್ಷವಾದ ಬೇಸಗೆಯಲ್ಲಿ ನನ್ನನ್ನೂ ಕರೆದೊಯ್ದರು. ಬಿರಿದ ಕೆಸರಿನ ನಡುವೆ ಮರದ ಬೊಡ್ಡೆಗಳು. ಅವುಗಳಾಚೆ, ಅಂಚಿನವರೆಗೆ ನೀರು ತುಂಬಿದ ಕಲ್ಲಿನ ಬಳೆಯೊಂದು. "ನಮ್ಮನೆ ಬಾವಿ, ಮಾಣಿ. ಈಗ ಸೇದದು ಬ್ಯಾಡ" ಎಂದರು. ನಕ್ಕರೋ ಇಲ್ಲವೋ, ಕೊಡೆಯ ನೆರಳಿನಲ್ಲಿ ಮುಖ ಕಾಣಲಿಲ್ಲ.

ನಾ. ಡಿಸೋಜರ 'ದ್ವೀಪ'ವನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಿತ್ರವಾಗಿಸಿದರು. ಕೆಲವು ವರ್ಷಗಳ ಅನಂತರ ಅಜ್ಜನನ್ನು ಕೂರಿಸಿ ತೋರಿಸಿದೆ. ಕೊನೆಯವರೆಗೆ ಅಲುಗಾಡದೆ ನೋಡಿ, ಊರು ಬಿಟ್ಟವರ ದನಕರುಗಳು ಏನಾದವೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಳಗಿನಿಂದ ಅಜ್ಜಿ ಹೇಳಿದರು: ನಮ್ಮ ಮುದಿ ಹಸುವೊಂದು ಹೊಸ ಊರಿನಿಂದ ಎರಡು ಸಲ ಹಗ್ಗ ಹರಿದುಕೊಂಡು ಹಳೆಯ ಊರಿನ ದಾರಿ ಹಿಡಿದಿತ್ತಂತೆ. ಎರಡು ಸಲವೂ ಅಜ್ಜನೇ ಹೋಗಿ ಹೊಡೆದುಕೊಂಡು ಬಂದರಂತೆ. ಅಜ್ಜ ಅದನ್ನು ನಮಗೆ ಎಂದೂ ಹೇಳಿರಲಿಲ್ಲ.

ಹೊಸ ತೋಟವನ್ನು ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಕ್ಕರೆಯಿಂದಲೇ ಸಾಕಿದರು. ಮೂವರು ಮಕ್ಕಳ ಓದು, ಮದುವೆ, ನನ್ನ ಎಂ.ಎ. ಎಲ್ಲವೂ ಅದರ ಚಾಲಿ ಅಡಿಕೆಯಿಂದಲೇ ನಡೆದವು. ಆದರೆ ಪುಸ್ತಕದಲ್ಲಿ ಹೊಸ ತೋಟದ ಒಂದು ಮರವೂ ಇಲ್ಲ. ಇರುವುದು ವರ್ಷವರ್ಷದ ಬೇಸಗೆಯ ಒಂದೊಂದು ಸಾಲು: 'ಬಾವಿ ಕಂಡಿತು.' 'ಮೆಟ್ಟಿಲು ಮಾತ್ರ.' 'ಮತ್ತಿಯ ಬೊಡ್ಡೆ ಕೊಳೆತಿಲ್ಲ.' ಕೊನೆಯ ಸಾಲು 2009ರದು, ಅಕ್ಷರ ನಡುಗಿದೆ: 'ಹೋಗಲಾಗಲಿಲ್ಲ. ನೀರು ಇಳಿದಿದೆಯೆಂದು ಕೇಳಿದೆ.'