ದೋಣಿಯ ಅಚ್ಚಿನಿಂದ ಎದ್ದ ಕಾರು

ಫೈಬರ್ ಬಾಡಿಯ ಸ್ಪೋರ್ಟ್ಸ್ ಕಾರು ಬೆಳೆದದ್ದು ದೋಣಿ ಕಟ್ಟುವವರ ಅಂಗಳದಲ್ಲಿ. ಭಟ್ಕಳ, ಹೊನ್ನಾವರ, ಕುಮಟಾದ ಓದುಗರಿಗೆ ಈ ಮಾತನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಮಾವಿನಕುರ್ವೆಯಲ್ಲಿ, ಶರಾವತಿ ಕಡಲು ಸೇರುವ ಕಾಸರಕೋಡಿನಲ್ಲಿ, ಅಘನಾಶಿನಿ ಅಳಿವೆಯ ತದಡಿಯಲ್ಲಿ ದಂಡೆಗೆಳೆದ ಫೈಬರ್ ದೋಣಿಯ ಒಡಕಿಗೆ ಗಾಜಿನ ಎಳೆಯ ಮ್ಯಾಟ್ ಹಾಸಿ ರೆಸಿನ್ ಬಳಿಯುವವರಿದ್ದಾರೆ. ಹೆಸರಾಂತ ಸ್ಪೋರ್ಟ್ಸ್ ಕಾರುಗಳ ಪ್ರತಿಕೃತಿಯನ್ನು ಮನೆಯ ಶೆಡ್ಡಿನಲ್ಲಿ ಕಟ್ಟುವವರ ವಿದ್ಯೆಯೂ ಇವರ ವಿದ್ಯೆಯೂ ಒಂದೇ. ಯಾರೋ ಅರ್ಧಕ್ಕೆ ಬಿಟ್ಟ ಅಂಥ ಕಾರನ್ನು ಕೊಂಡು ಮುಗಿಸುವ ಆಸೆ ಇದ್ದವರು ಈ ಕತೆ ತಿಳಿದಿರಬೇಕು. ಕೊಳ್ಳುವಾಗ ಎಲ್ಲಿ ಕಣ್ಣಿಡಬೇಕು, ಮುಗಿಸಲು ಯಾರ ಬಾಗಿಲು ತಟ್ಟಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಗಾಳಿಯಾಡದಂತೆ ಬೆಸೆಯಲು ಹೆಣಗುತ್ತಿದ್ದ. ಒತ್ತಡದ ಗಾಳಿ ಕರಗಿದ ಗಾಜಿನ ಧಾರೆಗೆ ಬಡಿದು, ಗಾಜು ನವಿರಾದ ಎಳೆಗಳಾಗಿ ಹಾರಿತು. ಅವನಿಗೆ ಬೇಕಿದ್ದದ್ದು ಅದಲ್ಲ. ಆದರೆ ಅವನ ಹಿರಿಯ ಗೇಮ್ಸ್ ಸ್ಲೇಟರ್ ಗಾಜಿನ ಎಳೆಯನ್ನು ಅಗ್ಗವಾಗಿ ತೆಗೆಯುವ ದಾರಿಗಾಗಿ ಹುಡುಕುತ್ತಿದ್ದವನು. ಕಣ್ಣೆದುರು ಬಿದ್ದದ್ದನ್ನು ತಕ್ಷಣ ಗುರುತಿಸಿದ. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಕಂಪನಿಯೇ ಹುಟ್ಟಿತು. ಅದೇ ದಶಕದಲ್ಲಿ ಪಾಲಿಯೆಸ್ಟರ್ ರೆಸಿನ್ ಕೂಡ ರೂಪುಗೊಂಡಿತು. ಗಾಜಿನ ಎಳೆ ಬರಿದಾಗಿದ್ದರೆ ಬಟ್ಟೆಯ ಹಾಗೆ ಬಾಗುತ್ತದೆ, ರೆಸಿನ್ ಬರಿದಾಗಿದ್ದರೆ ಪಟ್ಟನೆ ಒಡೆಯುತ್ತದೆ. ಎರಡೂ ಕೂಡಿ ಗಟ್ಟಿಯಾದಾಗ ಹಗುರವೂ ಬಲವೂ ಆದ ವಸ್ತು ಸಿಗುತ್ತದೆ, ಅದೂ ಕುಲುಮೆಯಿಲ್ಲದೆ, ಭಾರಿ ಪ್ರೆಸ್ ಇಲ್ಲದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ರಾಡಾರ್ ಮುಚ್ಚಳಗಳಿಗೆ ಇದು ಬಳಕೆಯಾಯಿತು, ಏಕೆಂದರೆ ರೇಡಿಯೊ ಅಲೆಗಳನ್ನು ತಡೆಯುವುದಿಲ್ಲ. ಯುದ್ಧ ಮುಗಿದ ಮೇಲೆ ಈ ವಸ್ತುವನ್ನು ಮೊದಲು ಮನಸಾರೆ ಅಪ್ಪಿಕೊಂಡವರಲ್ಲಿ ದೋಣಿ ಕಟ್ಟುವವರು ಸೇರಿದ್ದರು.

ಅವರಲ್ಲಿ ಒಬ್ಬ ಕ್ಯಾಲಿಫೋರ್ನಿಯಾದ ಬಿಲ್ ಟ್ರಿಟ್. 1950ರ ಸುಮಾರಿಗೆ ವಾಯುಪಡೆಯ ಮೇಜರ್ ಕೆನ್ ಬ್ರೂಕ್ಸ್ ಎಂಬ ಸ್ನೇಹಿತ ಒಂದು ಹಳೆಯ ಜೀಪನ್ನು ಬಿಚ್ಚಿ ಓಟಕ್ಕೆ ಅಣಿಮಾಡಿಕೊಂಡಿದ್ದ. ಓಡುತ್ತಿತ್ತು, ನೋಡಲು ಚಂದವಿರಲಿಲ್ಲ. ದೋಣಿಗೆ ಬಳಸುವ ವಸ್ತುವಿನಲ್ಲೇ ಇದಕ್ಕೊಂದು ಮೈ ಮಾಡಿಕೊಡೋಣ ಎಂದು ಟ್ರಿಟ್ ಹೊರಟ. ಮೊದಲು ಪ್ಲಾಸ್ಟರಿನಲ್ಲಿ ಆಕಾರ, ಅದರ ಮೇಲೆ ಅಚ್ಚು, ಅಚ್ಚಿನೊಳಗೆ ಪದರ ಪದರವಾಗಿ ಮ್ಯಾಟು, ರೆಸಿನ್ನು. ಹೀಗೆ ಬಂದ ‘ಬ್ರೂಕ್ಸ್ ಬಾಕ್ಸರ್’ 1951ರಲ್ಲಿ ಪ್ರದರ್ಶನಕ್ಕೆ ನಿಂತಿತು. 1952ರಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಬರೆಯಿತು. ಟ್ರಿಟ್‌ನ ಗ್ಲಾಸ್‌ಪಾರ್ ಕಂಪನಿ ಅದೇ ಅಚ್ಚಿನಿಂದ ಬಾಡಿಗಳನ್ನು ತೆಗೆದು ಬಿಡಿಯಾಗಿ ಮಾರಿತು; ಕೊಂಡವರು ತಮ್ಮ ಚಾಸಿಯ ಮೇಲೆ ತಾವೇ ಕೂರಿಸಿಕೊಂಡರು. ಮರುವರ್ಷ ಜನರಲ್ ಮೋಟಾರ್ಸ್ ಫೈಬರ್ ಬಾಡಿಯ ಕಾರ್ವೆಟ್ ತಂದಿತು. 1953ರಲ್ಲಿ ಕೈಯಿಂದ ಕಟ್ಟಿದ್ದು 300 ಕಾರು ಮಾತ್ರ. ಅಷ್ಟು ದೊಡ್ಡ ಕಂಪನಿಗಿಂತ ಮೊದಲು ದೋಣಿ ಕಟ್ಟುವವನೊಬ್ಬ ಆ ದಾರಿ ತುಳಿದಿದ್ದ.

ಎರಡನೆಯವನು ಬ್ರೂಸ್ ಮೇಯರ್ಸ್. ಅವನೂ ಕ್ಯಾಲಿಫೋರ್ನಿಯಾದವನೇ, ಹಾಯಿದೋಣಿಗಳ ಅಚ್ಚು ಮಾಡುತ್ತಿದ್ದವನು. 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನು, ಗೇರ್‌ಬಾಕ್ಸು, ಸಸ್ಪೆನ್ಷನ್ನುಗಳನ್ನು ಫೈಬರ್ ಮೈಗೆ ಜೋಡಿಸಿ ಮರಳಲ್ಲಿ ಓಡಿಸುವ ‘ಮೇಯರ್ಸ್ ಮ್ಯಾಂಕ್ಸ್’ ಮಾಡಿದ. ಮೊದಲ ಮಾದರಿಗೆ ಚಾಸಿಯೇ ಇರಲಿಲ್ಲ, ಮೈಯೇ ಎಲುಬು. ಅದು ದೋಣಿಯ ಲೆಕ್ಕಾಚಾರ. ಕಟ್ಟಲು ಕಷ್ಟವಾಯಿತೆಂದು ನಂತರ ಬೀಟಲ್‌ನ ನೆಲಹಲಗೆಯನ್ನೇ ಕತ್ತರಿಸಿ ಗಿಡ್ಡಮಾಡಿ ಅದರ ಮೇಲೆ ಕೂರಿಸುವ ಕ್ರಮ ತಂದ. ಅದು ಗೆದ್ದಿತು. ಗೆದ್ದದ್ದೇ ಅವನಿಗೆ ಮುಳುವಾಯಿತು. ಫೈಬರಿನ ಗುಣವೇ ಹಾಗೆ: ಸಿದ್ಧವಾದ ಒಂದು ಮೈ ಕೈಗೆ ಸಿಕ್ಕರೆ ಸಾಕು, ಮೇಣ ಉಜ್ಜಿ ಅದರ ಮೇಲೇ ಹೊಸ ಅಚ್ಚು ತೆಗೆಯಬಹುದು. ನಕಲು ಮಾಡಿದವರ ಮೇಲೆ ಮೇಯರ್ಸ್ ಕೋರ್ಟಿಗೆ ಹೋಗಿ ಸೋತ, ಕಡೆಗೆ ಕಂಪನಿ ಬಿಟ್ಟು ಹೊರಬಿದ್ದ. ಜಗತ್ತಿನಲ್ಲಿ ಪ್ರತಿಕೃತಿ ಕಾರುಗಳ ಸುಗ್ಗಿ ಶುರುವಾದದ್ದರ ಹಿಂದೆ ಅವನ ಸೋಲೂ ಇದೆ. 94 ವರ್ಷ ಬದುಕಿ 2021ರಲ್ಲಿ ಅವನು ತೀರಿಕೊಂಡಾಗ, ನಕಲು ಮಾಡಿದವರೂ ಅವನನ್ನು ಗುರುವೆಂದೇ ನೆನೆದಿರಬೇಕು ಎಂದು ನನ್ನ ನಂಬಿಕೆ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಕಾಲಿನ್ ಚಾಪ್ಮನ್‌ನ ಲೋಟಸ್ ಕಂಪನಿ 1957ರಿಂದ ‘ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳಾಗಿ ಮಾರಿತು; ಬಿಡಿಯಾಗಿ ಕೊಂಡರೆ ಖರೀದಿ ತೆರಿಗೆ ಇರಲಿಲ್ಲ. 1973ರಲ್ಲಿ ತೆರಿಗೆ ಪದ್ಧತಿ ಬದಲಾಯಿತು, ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಮೇಷ್ಟ್ರು, ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿ 250 ಪೌಂಡಿನಲ್ಲಿ ಇಂಥ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದ. ಚೌಕ ಪೈಪುಗಳನ್ನು ವೆಲ್ಡ್ ಮಾಡಬಲ್ಲ ಯಾರಾದರೂ ಕಟ್ಟಬಹುದು ಎಂಬ ಧೈರ್ಯ ಹುಟ್ಟಿದ್ದು ಅದರಿಂದ. ಆ ಧೈರ್ಯದಿಂದಲೇ ಅರ್ಧಕ್ಕೆ ನಿಂತ ಸಾವಿರಾರು ಶೆಡ್ಡುಗಳೂ ಹುಟ್ಟಿದವು.

ಕರ್ನಾಟಕಕ್ಕೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ತಂದ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ರೂಪ: ಕೆಳಗೆ ಕಬ್ಬಿಣದ ಚಾಸಿ, ಮೇಲೆ ಫೈಬರ್ ಬಾಡಿ, 848 ಸಿಸಿ ಎಂಜಿನ್. ಹಗುರವಾಗಿದ್ದರಿಂದ ರೇಸಿನವರು ಅದನ್ನು ಇಷ್ಟಪಟ್ಟರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಅದು ಸದ್ದಡಗಿತು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಫ್ರಾನ್ಸಿನಲ್ಲಿ ವಿನ್ಯಾಸವಾದ ‘ಸ್ಟಾರ್ಮ್’ ಎಂಬ ಇಬ್ಬರು ಕೂರುವ ಫೈಬರ್ ಕಾರನ್ನು ರೆನೋ ಎಂಜಿನ್ ಹಾಕಿ ಗೋವಾದಲ್ಲಿ ತಯಾರಿಸಿತು. ಲೋಟಸ್ ಸೆವೆನ್ ಹೋಲುವ ಚಿಂಕಾರಾ ರೋಡ್‌ಸ್ಟರ್‌ಗೆ ಇಸುಜು 1.8 ಎಂಜಿನ್ ಕೂತಿತು. ಯಾವುದೂ ಹೆಚ್ಚು ಮಾರಾಟವಾಗಲಿಲ್ಲ. ನನ್ನ ಪ್ರಕಾರ ಸೋತದ್ದು ವ್ಯಾಪಾರ, ಕೆಲಸಗಾರಿಕೆಯಲ್ಲ.

ಈಗ ಅರ್ಧ ಮುಗಿದ ಕಾರಿನ ಎದುರು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಹೊಳೆಯುವ ಮೇಲ್ಮೈಗೆ ಮರುಳಾಗಬೇಡಿ. ದೋಣಿ ಪರೀಕ್ಷಿಸುವವರ ಹಾಗೆ ನಾಣ್ಯದಿಂದ ಅಂಗುಲ ಅಂಗುಲ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದರೆ ಪದರಗಳು ಕೂಡಿವೆ, ಪೊಳ್ಳು ಸದ್ದು ಬಂದರೆ ಬಿಟ್ಟುಕೊಂಡಿವೆ. ಒಳಮೈಯಲ್ಲಿ ಮ್ಯಾಟ್ ಹಾಲಿನಂತೆ ಬೆಳ್ಳಗಿದ್ದರೆ ಅಲ್ಲಿ ರೆಸಿನ್ ಸರಿಯಾಗಿ ಹೀರಿಲ್ಲ, ಇಲ್ಲವೆ ತೇವ ಸೇರಿದೆ. ಅಚ್ಚಿನಿಂದ ಬೇಗ ಬಿಡಿಸಿದ ಬಾಡಿ ತಿರುಚಿಕೊಳ್ಳುತ್ತದೆ. ಬಾನೆಟ್ಟು, ಬಾಗಿಲುಗಳ ಸಂದು ನೋಡಿದರೆ ತಿಳಿಯುತ್ತದೆ. ಚಾಸಿಗೆ ಒಂದು ದಾರ ಸಾಕು. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಹಿಡಿದು ಅಳೆಯಿರಿ, ಅಳತೆ ಒಂದೇ ಆಗಿರಬೇಕು. ಫೈಬರ್ ತುಕ್ಕು ಹಿಡಿಯುವುದಿಲ್ಲ ಎಂಬ ನೆಮ್ಮದಿ ನಮ್ಮ ಕರಾವಳಿಯಲ್ಲಿ ಅಪಾಯಕಾರಿ, ಏಕೆಂದರೆ ಅದರಡಿಯ ಕಬ್ಬಿಣವನ್ನು ಉಪ್ಪುಗಾಳಿ ಸದ್ದಿಲ್ಲದೆ ತಿನ್ನುತ್ತದೆ. ಬಾಡಿ ಬಿಗಿಯುವ ಜಾಗಗಳಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ನೋಡದೆ ಹಣ ಕೊಡಬಾರದು. ಆಮೇಲೆ ಇಲ್ಲದ್ದರ ಪಟ್ಟಿ ಮಾಡಿ. ಎಂಜಿನ್ ಇಲ್ಲದಿದ್ದರೆ ಹುಡುಕಬಹುದು. ಮುಂದಿನ ಗಾಜು, ಅದರ ಚೌಕಟ್ಟು, ಬಾಗಿಲಿನ ಕೀಲುಗಳಿಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಹಿಂದಿನವರು ಬಿಟ್ಟದ್ದೂ ಬಹುಪಾಲು ಅಂಥ ಕಡೆಯೇ.

ಮುಗಿಸುವ ಕೆಲಸಕ್ಕೆ ನಮ್ಮ ಮೂರು ಊರುಗಳಲ್ಲಿ ಕೈಗಳಿವೆ. ಹವೆ ಮಾತ್ರ ಮಳೆಗಾಲದಲ್ಲಿ ನಮ್ಮ ಪರ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ಗಾಳಿಯಲ್ಲಿ ರೆಸಿನ್ ಕೆಲಸ ಹಿಡಿಯಬಾರದು: ಮ್ಯಾಟ್ ನೀರು ಹೀರುತ್ತದೆ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಮಳೆಗಾಲವನ್ನು ಎಂಜಿನ್ನು, ಬ್ರೇಕು, ವೈರಿಂಗಿಗೆ ಇಟ್ಟುಕೊಳ್ಳಿ, ನವೆಂಬರಿನಿಂದ ಫೈಬರ್. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ನಮ್ಮ ಬೇಸಿಗೆಯಲ್ಲಿ ಹೆಚ್ಚಾದರೆ ಡಬ್ಬಿಯಲ್ಲೇ ಕುದಿದು ಕಲ್ಲಾಗುತ್ತದೆ. ಇದನ್ನು ಬಂದರಿನ ಕೆಲಸದವರು ಹವೆ ನೋಡಿಯೇ ಅಂದಾಜು ಮಾಡುತ್ತಾರೆ. ಆದರೆ ದೋಣಿಯವರಿಗೆ ತಿಳಿದಿರದ ಮೂರು ಸಂಗತಿ ಕಾರಿನಲ್ಲಿವೆ. ಕಬ್ಬಿಣದ ಕಾರಿನಲ್ಲಿ ಮೈಯೇ ಕರೆಂಟಿನ ವಾಪಸು ದಾರಿ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ದೀಪಕ್ಕೂ, ಹಾರನ್ನಿಗೂ ಬೇರೆ ಅರ್ತ್ ವೈರು ಚಾಸಿಗೆ ಎಳೆಯಲೇಬೇಕು. ಸೈಲೆನ್ಸರ್ ಪೈಪು ಬಾಡಿಗೆ ತಾಗುವಷ್ಟು ಹತ್ತಿರವಿದ್ದರೆ ರೆಸಿನ್ ಸುಡುತ್ತದೆ. ಸೀಟ್ ಬೆಲ್ಟನ್ನು ಫೈಬರಿಗೆ ಬಿಗಿಯಲೇಬಾರದು, ಚಾಸಿಗೇ ಬಿಗಿಯಬೇಕು. ಜೀವದ ಪ್ರಶ್ನೆ ಅದು.

ಹಣ ಕೊಡುವ ಮೊದಲೇ ನೋಡಬೇಕಾದದ್ದು ಕಾಗದ. ಇದನ್ನು ಕಡೆಯಲ್ಲಿ ಹೇಳುತ್ತಿದ್ದೇನೆ, ಆದರೆ ಮೊದಲು ಮಾಡಬೇಕಾದದ್ದು ಇದೇ. ಹಳೆಯ ಕಾರಿನ ಚಾಸಿ ನಂಬರಿನ ಮೇಲೆ ಹೊಸ ಮೈ ಕೂರಿಸಿ, ಅದೇ ಆರ್‌ಸಿಯಲ್ಲಿ ಓಡಿಸಬಹುದು ಎಂದು ಮಾರುವವರು ಹೇಳಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಹೊಸ ವಾಹನವೆಂದು ನೋಂದಾಯಿಸಬೇಕಾದರೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಮುಗಿಸಬೇಕು. ಒಂದೇ ಕಾರು ಕಟ್ಟುವವರಿಗೆ ಅದು ನಿಲುಕದ ಮಾತು. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ, ಪ್ರತಿಕೃತಿಗಲ್ಲ. ಹಾಗಾಗಿ ಹೊನ್ನಾವರದ ಕೆಎ-47 ಫಲಕ ಹಾಕಿಕೊಂಡು ಹೆದ್ದಾರಿ 66ರಲ್ಲಿ ಮುರ್ಡೇಶ್ವರಕ್ಕೆ ಹೋಗುವ ಕನಸಿನಿಂದ ಕೊಳ್ಳುವುದಾದರೆ ಕೊಳ್ಳಬೇಡಿ. ಸ್ವಂತ ಜಾಗದಲ್ಲಿ, ಪ್ರದರ್ಶನದಲ್ಲಿ, ಅನುಮತಿ ಸಿಕ್ಕ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಎಂದಾದರೆ ಧಾರಾಳವಾಗಿ ಕೊಳ್ಳಿ.

ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ಅಲ್ಲಿ ಆರ್‌ಸಿ ಬೇಕಿಲ್ಲ. ಭಟ್ಕಳದಲ್ಲಿ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿದೆ, ಅಲ್ಲಿಂದ ಬಂದರು ದೂರವಿಲ್ಲ. ಅರ್ಧಕ್ಕೆ ನಿಂತ ಫೈಬರ್ ಕಾರು ನಿಮ್ಮ ಶೆಡ್ಡಿನಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ನಮ್ಮ ಊರಿನ ವಿದ್ಯಾರ್ಥಿಗಳಿಗೆ ಕೊಡಿ. ವಿದ್ಯಾರ್ಥಿಗಳೇ, ನೀವು ಕಾಸರಕೋಡಿಗೋ ತದಡಿಗೋ ಹೋಗಿ ಫೈಬರ್ ಕೆಲಸದವರ ಪಕ್ಕ ಕೂತು ಕಲಿಯಿರಿ, ಅವರ ದಿನದ ಕೂಲಿ ಕೊಡಿ, ಕಾರು ಮುಗಿದ ದಿನ ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಿರಿ.